ಅಪ್ಪನ ಬೆನ್ನಿಗೆ ನಲವತ್ತೇಳು ಚೆಂಡು

ಅಪ್ಪ ಬೆಂಗಳೂರಿನಲ್ಲಿ ಸಿಟಿ ಬಸ್ ಓಡಿಸುತ್ತಿದ್ದಾಗ ಅವರ ಸೀಟಿನ ಮೇಲೆ ಮರದ ಮಣಿಗಳ ಹಾಸು ಒಂದಿತ್ತು. ಟ್ಯಾಕ್ಸಿಗಳಲ್ಲಿ ಈಗಲೂ ನೋಡಿರುತ್ತೀರಿ, ಗೋಲಿ ಗಾತ್ರದ ಮಣಿಗಳನ್ನು ನೈಲಾನ್ ದಾರದಲ್ಲಿ ಪೋಣಿಸಿದ್ದು. ಬಿಟಿಎಸ್ ಹೋಗಿ 1997ರಲ್ಲಿ ಬಿಎಂಟಿಸಿ ಬಂತು, ಡಿಪೋ ಬದಲಾಯಿತು, ರೂಟು ಬದಲಾಯಿತು, ಹಾಸು ಅದೇ. ನಿವೃತ್ತಿಯ ದಿನ ಹಾರ, ಶಾಲು, ಹಣ್ಣಿನ ಬುಟ್ಟಿಗಳ ಜೊತೆ ಅದೂ ಮನೆಗೆ ಬಂತು.

ಈಗ ಅವರಿಗೆ 74. ಹಾಲ್‌ನಲ್ಲಿರುವ ಸೋಫಾದಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಕೂರುವುದಿಲ್ಲ. ಫೋಮು ಒಳಕ್ಕೆ ಎಳೆದುಕೊಳ್ಳುತ್ತದೆ, ಬೆವರುತ್ತದೆ, ಏಳುವಾಗ ಸೊಂಟ ಹಿಡಿಯುತ್ತದೆ ಎಂಬ ದೂರು. ಪ್ಲಾಸ್ಟಿಕ್ ಕುರ್ಚಿಗೆ ಮಣಿ ಹಾಸು ಹಾಕಿಕೊಂಡರೆ ಅದು ಜಾರುತ್ತದೆ. ಒಂದು ಸಂಜೆ ಟೆನ್ನಿಸ್ ಚೆಂಡುಗಳನ್ನೇ ಮೆತ್ತೆ ಮಾಡಿದ ಕುರ್ಚಿಯ ಚಿತ್ರ ನನ್ನ ಕಣ್ಣಿಗೆ ಬಿತ್ತು. ಅಪ್ಪನಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ದೊಡ್ಡ ಮಣಿ ಸೀಟು ಕಣೋ ಇದು" ಅಂದರು. ಅಷ್ಟೇ ಸಾಕಾಯಿತು. ದೀಪಾವಳಿ ಮುಗಿದ ಮೇಲೆ ಶುರು ಮಾಡಿದ್ದು, ಸಂಕ್ರಾಂತಿ ಹೊತ್ತಿಗೆ ಮುಗಿಯಿತು. ಹನುಮಂತನಗರದ ನಮ್ಮ ಮನೆಯ ಟೆರೇಸಿನಲ್ಲಿ, ನೀರಿನ ಟ್ಯಾಂಕ್ ನೆರಳಲ್ಲಿ, ಭಾನುವಾರಗಳಂದು ಮಾತ್ರ ಮಾಡಿದ ಕೆಲಸ. ನಾನು ಬಡಗಿಯಲ್ಲ. ಮನೆಯಲ್ಲಿ ಒಂದು ಡ್ರಿಲ್ ಮಷೀನು, ಕೈಗರಗಸ, ಎರಡು ಉಳಿ, ನಾಲ್ಕು ಕ್ಲಾಂಪು ಇವೆ.

ಮೊದಲು ಚೆಂಡು. ಹೊಸ ಟೆನ್ನಿಸ್ ಚೆಂಡು ಕೊಂಡು ಕುರ್ಚಿ ಮಾಡಿದರೆ ಆ ದುಡ್ಡಿಗೆ ಒಳ್ಳೇ ತೇಗದ ಕುರ್ಚಿಯೇ ಬಂದೀತು. ಟೆನ್ನಿಸ್ ಕಲಿಸುವ ಕಡೆ ಹಳೇ ಚೆಂಡು ರಾಶಿ ಬಿದ್ದಿರುತ್ತವೆ. ಒಳಗೆ ಗಾಳಿ ಒತ್ತಿ ತುಂಬಿರುವ ಚೆಂಡು ಡಬ್ಬಿಯಿಂದ ಹೊರಬಂದ ದಿನದಿಂದಲೇ ನಿಧಾನವಾಗಿ ಗಾಳಿ ಬಿಡುತ್ತಾ ಹೋಗುತ್ತದೆ. ಕೆಲವು ವಾರ ಆಡಿದ ಮೇಲೆ ಆಟಗಾರರಿಗೆ ಅದು ಸತ್ತ ಚೆಂಡು. ಕೂರುವವರಿಗೆ ಅದೇ ಹದ. ತಲಾ 10 ರೂಪಾಯಿಯಂತೆ 60 ಚೆಂಡು ಒಂದು ಗೋಣಿಚೀಲದಲ್ಲಿ ತಂದೆ. ಕೆಂಪು ಮಣ್ಣಿನ ಅಂಗಳದಲ್ಲಿ ಆಡಿದ್ದವು. ಬಕೆಟ್ಟಿಗೆ ಹಾಕಿ ಉಜ್ಜಿದರೆ ಮೂರು ಸಲ ನೀರು ಬದಲಾಯಿಸಿದರೂ ಕೆಮ್ಮಣ್ಣು ಬಿಡುತ್ತಲೇ ಇತ್ತು. ಮೇಲಿನ ಉಣ್ಣೆ ಹೊರಗೆ ಒಣಗಿದಂತೆ ಕಂಡರೂ ಬುಡದಲ್ಲಿ ತೇವ ಹಿಡಿದಿರುತ್ತದೆ. ನಾನು ಒಂದೇ ದಿನ ಒಣಗಿಸಿ ಚೀಲಕ್ಕೆ ತುಂಬಿದೆ, ಮೂರನೇ ದಿನ ಬಾಯಿ ಬಿಚ್ಚಿದರೆ ಒದ್ದೆ ಸಾಕ್ಸಿನ ವಾಸನೆ. ಮತ್ತೆ ತೊಳೆದು, ಎರಡು ದಿನ ಪೂರ್ತಿ ಬಿಸಿಲಿಗೆ ಹರಡಿದ್ದಾಯಿತು.

"ಬಿಳಿ ಸಿಗಲಿಲ್ವೇನೋ? ಹಾಲ್‌ನಲ್ಲಿ ಈ ಗಿಳಿಹಸಿರು ಏನು ಚೆಂದ?" ಅಂತ ಅಮ್ಮ. ಒಂದು ಕಾಲಕ್ಕೆ ಬಿಳಿಯೇ ಇತ್ತಮ್ಮ, ಬಣ್ಣದ ಟಿವಿಯಲ್ಲಿ ಕಾಣಿಸಲಿ ಅಂತ 1972ರಲ್ಲಿ ಹಳದಿಗೆ ಒಪ್ಪಿಗೆ ಕೊಟ್ಟರು, ವಿಂಬಲ್ಡನ್‌ನವರು ಮಾತ್ರ 1986ರ ತನಕ ಬಿಳಿ ಬಿಡಲಿಲ್ಲ ಎಂದೆಲ್ಲ ಹೇಳಿದೆ. "ಅವರೇ ವಾಸಿ" ಅಂದರು.

ಎಲ್ಲ ಚೆಂಡೂ ಒಂದೇ ಅಲ್ಲ ಎಂಬುದು ತೊಳೆಯುವಾಗಲೇ ಕೈಗೆ ಗೊತ್ತಾಯಿತು. ಕೆಲವು ಬಿರುಸು, ಕೆಲವು ಹಣ್ಣಾದ ಸಪೋಟದಂತೆ ಮೆತ್ತಗೆ. ಬೆರಕೆ ಹಾಕಿದರೆ ಸೀಟು ಗುಂಡಿ ಬಿದ್ದ ರಸ್ತೆಯಾಗುತ್ತದೆ. ಅಂತರರಾಷ್ಟ್ರೀಯ ಟೆನ್ನಿಸ್ ಒಕ್ಕೂಟದ ನಿಯಮದಲ್ಲಿ ಮಾಮೂಲಿ ಚೆಂಡನ್ನು 254 ಸೆಂ.ಮೀ. ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟರೆ 135ರಿಂದ 147 ಸೆಂ.ಮೀ. ಪುಟಿಯಬೇಕು, ಅಂದರೆ ಬಿಟ್ಟ ಎತ್ತರದ ಅರ್ಧಕ್ಕಿಂತ ತುಸು ಮೇಲೆ. ನಾನು ಬಾಗಿಲವಾಡದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು 1 ಮೀಟರಿನಿಂದ ಒಂದೊಂದಾಗಿ ಬಿಟ್ಟೆ. ಮಗಳು ಎದುರು ಕೂತು ಎಷ್ಟು ಪುಟಿಯಿತು ಅಂತ ಕೂಗುತ್ತಿದ್ದಳು. 45 ಸೆಂ.ಮೀ.ಗಿಂತ ಮೇಲೆ ಪುಟಿದವು ಒಂದು ಬುಟ್ಟಿಗೆ, 35ರಿಂದ 45 ಇನ್ನೊಂದಕ್ಕೆ, ಅದಕ್ಕೂ ಕೆಳಗಿನವು ಮೂರನೆಯದಕ್ಕೆ. ಅರ್ಧ ಗಂಟೆಯ ಈ ಕೆಲಸವನ್ನು ಬಿಡಬೇಡಿ. ಅಳತೆ ಕೂಡ ನೋಡಿಕೊಂಡೆ: ನಿಯಮದ ಅಡ್ಡಳತೆ 6.54ರಿಂದ 6.86 ಸೆಂ.ಮೀ., ನನ್ನವು ಹೆಚ್ಚುಕಡಿಮೆ 6.6. ಬೀದಿ ಕ್ರಿಕೆಟ್‌ಗೆ ಹುಡುಗರು ತರುವ ಹಾರ್ಡ್ ಟೆನ್ನಿಸ್ ಚೆಂಡನ್ನೂ ಒಂದು ಒತ್ತಿ ನೋಡಿದೆ. ಅದರ ರಬ್ಬರು ದಪ್ಪ, ಬಗ್ಗುವುದೇ ಇಲ್ಲ. ಬೇಡ.

ಕೂರಿಸುವ ಬಗೆ ಹೊಳೆಯಲು ಮೂರು ಭಾನುವಾರ ಹಿಡಿಯಿತು. ಮೊದಲನೇದು ಸೋಮಾರಿಯ ಪ್ರಯೋಗ. ತರಕಾರಿ ಅಂಗಡಿಯಿಂದ ಟೊಮೆಟೊ ಕ್ರೇಟ್ ತಂದು, ತಳಕ್ಕೆ ಹಲಗೆ ಹಾಕಿ, ಅದರ ತುಂಬ ಚೆಂಡನ್ನು ಒತ್ತೊತ್ತಾಗಿ ಜೋಡಿಸಿ ಕೂತೆ. ಕಲ್ಲು ಬೆಂಚು! ಇಷ್ಟು ಮೆತ್ತನೆಯ ಚೆಂಡು ಒಟ್ಟಿಗೆ ಸೇರಿದ ಕೂಡಲೇ ಕಲ್ಲಾಗುವುದು ಹೇಗೆ ಅಂತ ತಲೆ ಕೆಡಿಸಿಕೊಂಡೆ. ಒಂದೇ ಚೆಂಡನ್ನು ಬಾತ್‌ರೂಮಿನ ತೂಕದ ಯಂತ್ರದ ಮೇಲಿಟ್ಟು ಅಂಗೈಯಲ್ಲಿ ಒತ್ತಿದಾಗ ಅರ್ಥವಾಯಿತು. 8 ಕಿಲೋ ತೋರಿಸುವಷ್ಟು ಒತ್ತಿದರೆ ನನ್ನ ಹಳೇ ಚೆಂಡು ಸುಮಾರು 1 ಸೆಂ.ಮೀ. ತಗ್ಗುತ್ತದೆ, ಆದರೆ ತಗ್ಗಿದಷ್ಟೂ ಸೊಂಟದಲ್ಲಿ ಉಬ್ಬುತ್ತದೆ. ಉಬ್ಬಲು ಜಾಗ ಇಲ್ಲದಿದ್ದರೆ ತಗ್ಗುವುದೂ ಇಲ್ಲ. ಕ್ರೇಟಿನಲ್ಲಿ ಪ್ರತಿ ಚೆಂಡಿನ ಸೊಂಟವನ್ನೂ ಪಕ್ಕದ ಆರು ಚೆಂಡು ಹಿಡಿದಿದ್ದವು. ಅಂದರೆ ಚೆಂಡಿನಷ್ಟೇ ಮುಖ್ಯ ಅದರ ಸುತ್ತಲಿನ ಖಾಲಿ ಜಾಗ.

ಎರಡನೇದು, 18 ಮಿ.ಮೀ. ಪ್ಲೈವುಡ್ ತುಂಡಿನಲ್ಲಿ ಚೆಂಡಿಗಿಂತ ಚಿಕ್ಕ ತೂತು ಕೊರೆದು, ಮೊಟ್ಟೆಯ ಟ್ರೇನಲ್ಲಿ ಮೊಟ್ಟೆ ಕೂತಂತೆ ಕೂರಿಸುವುದು. 57 ಮಿ.ಮೀ. ತೂತು ಹಾಕಿದರೆ ಲೆಕ್ಕದ ಪ್ರಕಾರ ಚೆಂಡು ಹಲಗೆಯ ಮೇಲೆ ಸುಮಾರು 5 ಸೆಂ.ಮೀ. ಎದ್ದು ನಿಲ್ಲುತ್ತದೆ, ಕೆಳಗೆ ಹಲಗೆಯ ದಪ್ಪದೊಳಗೇ ಉಳಿಯುತ್ತದೆ. ಕಾಗದದ ಮೇಲೆ ಚೆನ್ನಾಗಿತ್ತು. ಒಂಬತ್ತು ತೂತು ಹಾಕಿ ಕೂತು ನೋಡಿದೆ. ತೂತಿನ ಅಂಚು ಚೆಂಡಿಗೆ ಉಂಗುರದಂತೆ ಕಚ್ಚಿಕೊಂಡಿತು, ನನ್ನ ಭಾರಕ್ಕೆ ಎರಡು ಚೆಂಡು 'ಪೊಕ್' ಅಂತ ಒಳಗಿಳಿದು ಸಿಕ್ಕಿಹಾಕಿಕೊಂಡವು. ಸುತ್ತಿಗೆಯಲ್ಲಿ ಕೆಳಗಿನಿಂದ ಬಡಿದು ತೆಗೆಯಬೇಕಾಯಿತು. ಸಿಕ್ಕಿಕೊಳ್ಳದವೂ ಕ್ರೇಟಿಗಿಂತ ವಾಸಿ ಅನ್ನಬಹುದು, ಅಷ್ಟೇ.

ದಾರಿ ತೋರಿಸಿದ್ದು ಅಪ್ಪ. ಹಲಗೆ ಹಿಡಿದು ಪೆಚ್ಚಾಗಿ ಕೂತಿದ್ದಾಗ ಕಾಫಿ ಲೋಟ ತಂದು ಕೊಟ್ಟು, "ನಿಮ್ಮಜ್ಜಿ ಮಂಚ ನೆನಪಿದ್ಯಾ?" ಅಂದರು. ಮಾಗಡಿ ಕಡೆ ನಮ್ಮ ಊರಲ್ಲಿ ನವಾರಿನ ಮಂಚವೊಂದಿತ್ತು, ಹಲಗೆಯ ಬದಲು ಅಗಲ ಪಟ್ಟಿ ಹೆಣೆದದ್ದು. "ಹಲಗೆ ಮೇಲೆ ಏನಿಟ್ರೂ ಹಲಗೆನೇ. ನವಾರು ಹಾಕು, ಅದರ ಮೇಲೆ ಬಿಡು ನಿನ್ನ ಚೆಂಡ್ನ."

ಈ ಒಂದು ಮಾತಿಗೆ ಇಡೀ ವಿನ್ಯಾಸ ಬದಲಾಯಿತು. ಭಾರ ಹೊರುವುದು ನವಾರು. ಚೆಂಡು ನವಾರಿನ ಮೇಲೆ ಕೂರುತ್ತದೆ. ಅದರ ಮೇಲೆ ಚೆಂಡಿಗಿಂತ ದೊಡ್ಡ ತೂತುಗಳ ತೆಳು ಪ್ಲೈವುಡ್. ಅದು ಚೆಂಡು ಅತ್ತಿತ್ತ ಓಡದಂತೆ ಬೇಲಿ ಹಾಕುತ್ತದೆಯೇ ಹೊರತು ಭಾರ ಹೊರುವುದಿಲ್ಲ. 12 ಮಿ.ಮೀ. ಪ್ಲೈವುಡ್ಡನ್ನು ನವಾರಿನಿಂದ 12 ಮಿ.ಮೀ. ಮೇಲೆ ಪಟ್ಟಿ ಕೊಟ್ಟು ಕೂರಿಸಿದರೆ ಚೆಂಡು ಹಲಗೆಯ ಮೇಲೆ 42 ಮಿ.ಮೀ. ಎದ್ದಿರುತ್ತದೆ. ಕೂತಾಗ ನವಾರು ಒಂದೂವರೆ ಸೆಂ.ಮೀ. ಜಗ್ಗಿ, ಚೆಂಡೂ ಸ್ವಲ್ಪ ತಗ್ಗಿದರೂ ಮೈ ಹಲಗೆಗೆ ತಾಗುವುದಿಲ್ಲ. ಚೆಂಡುಗಳ ನಡುವೆ ಬೆರಳು ತೂರುವಷ್ಟು ಸಂದು. ಗಾಳಿಯೂ ಆಡುತ್ತದೆ.

ಚೌಕಟ್ಟಿಗೆ ಹೊಸ ಮರ ಕೊಳ್ಳಲಿಲ್ಲ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಲ್ಲಿ ಬೆಲೆ ಕೇಳಿ ವಾಪಸು ಬಂದೆ. ಚಾಮರಾಜಪೇಟೆಯಲ್ಲಿ ಹಳೇ ಮನೆಯೊಂದನ್ನು ಕೆಡವುತ್ತಿದ್ದರು, ಅಲ್ಲಿಂದ ಒಂದು ಬಾಗಿಲವಾಡದ ಎರಡು ಕಂಬ 1400 ರೂಪಾಯಿಗೆ ಸಿಕ್ಕವು. ಮೇಲೆ ಏಳು ಪದರ ಬಣ್ಣ: ಹಸಿರು, ನೀಲಿ, ಮತ್ತೆ ಹಸಿರು. ಕೆರೆದು ನೋಡಿದರೆ ಒಳಗೆ ತೇಗ. ಪಕ್ಕದ ಬೀದಿಯ ಆಚಾರ್ರ ಹತ್ತಿರ ಮಷೀನಿನಲ್ಲಿ ಸೀಳಿಸಲು ಒಯ್ದೆ. ಅವರು ಮೊದಲು ಮಾಡಿದ ಕೆಲಸ, ಹಳೇ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಮರದ ಉದ್ದಕ್ಕೂ ಆಡಿಸಿದ್ದು. ಎಲ್ಲಿ ದಾರ ಓರೆಯಾಯಿತೋ ಅಲ್ಲಿ ಮೊಳೆ. ಹನ್ನೊಂದು ಮೊಳೆ ತೆಗೆದರು. ಹನ್ನೆರಡನೆಯದು ಆಳದಲ್ಲಿತ್ತು, ಬ್ಲೇಡಿನ ಎರಡು ಹಲ್ಲು ಹೋಯಿತು. ಅವರು ಏನೂ ಅನ್ನಲಿಲ್ಲ. ನಾನೇ ನಾಚಿಕೆಯಾಗಿ ಬ್ಲೇಡಿನ ದುಡ್ಡು ಕೊಡಲು ಹೋದೆ. "ಹಳೇ ಮರ ಅಂದ್ಮೇಲೆ ಇರೋದೇ ಬಿಡಿ ಸಾರ್" ಅಂದರು, ಸೀಳಿದ ಕೂಲಿಯಷ್ಟೇ ತಗೊಂಡರು.

ಎತ್ತರ ಅಪ್ಪನದೇ ಅಳತೆ. ಮನೆ ಚಪ್ಪಲಿ ಹಾಕಿಸಿ, ಗೋಡೆಗೆ ಒರಗಿಸಿ ಕೂರಿಸಿ, ನೆಲದಿಂದ ಮಂಡಿಯ ಹಿಂದಿನ ಮಡಿಕೆಯ ತನಕ ಟೇಪು ಹಿಡಿದೆ: 42 ಸೆಂ.ಮೀ. ಇಲ್ಲೊಂದು ತಪ್ಪಾಗುವುದಿತ್ತು. ಮಾಮೂಲಿ ಕುರ್ಚಿಯಲ್ಲಿ ಹಲಗೆಯ ಎತ್ತರವೇ ಸೀಟಿನ ಎತ್ತರ. ಇಲ್ಲಿ ಚೆಂಡಿನ ನೆತ್ತಿಯ ಎತ್ತರದಲ್ಲಿ, ಕೂತಾಗ ಇಳಿಯುವುದನ್ನು ಕಳೆಯಬೇಕು. ನವಾರಿನ ಮಟ್ಟ 38.5, ಅದರ ಮೇಲೆ ಚೆಂಡು 6.6, ಒಟ್ಟು 45; ಕೂತಾಗ ಸುಮಾರು 3 ಇಳಿದರೆ 42. ಸೀಟಿನ ಅಗಲ 46, ಆಳ 44.

ಕಾಲಿಗೆ ಅಡ್ಡಪಟ್ಟಿಗಳನ್ನು ಸ್ಕ್ರೂ ಮತ್ತು ಫೆವಿಕಾಲ್ ಹಾಕಿ ಸೇರಿಸುವುದೆಂದಿದ್ದೆ. ಆಚಾರ್ರು ತಲೆಯಾಡಿಸಿದರು. "ನವಾರು ಒಳಕ್ಕೆ ಎಳೀತದೆ ಸಾರ್. ಸ್ಕ್ರೂ ಒಂದು ವರ್ಷ ತಡೀಬಹುದು. ಕಚ್ಚು ಹಾಕಿ." ಕಾಲಿನಲ್ಲಿ ಚೌಕ ತೂತು ತೋಡಿ, ಅಡ್ಡಪಟ್ಟಿಯ ತುದಿಯನ್ನು ಅದಕ್ಕೆ ಸರಿಯಾಗಿ ಕಡೆದು ಬಿಗಿಯಾಗಿ ಕೂರಿಸುವುದು. ಎಂಟು ಕಚ್ಚು. ಮೊದಲನೆಯದಕ್ಕೆ ಎರಡು ಗಂಟೆ ಹಿಡಿಯಿತು, ಎಂಟನೆಯದಕ್ಕೆ ಇಪ್ಪತ್ತೈದು ನಿಮಿಷ. ಮೂರನೆಯದು ಸಡಿಲವಾಯಿತು, ಪಕ್ಕಕ್ಕೆ ತೆಳು ಚಕ್ಕೆ ಸೇರಿಸಿ ಮುಚ್ಚಿಟ್ಟಿದ್ದೇನೆ, ಎಡ ಹಿಂಗಾಲು, ಯಾರಿಗೂ ಕಾಣುವುದಿಲ್ಲ.

ಪ್ಲೈವುಡ್ಡಿನ ತೂತುಗಳಿಗೆ ಎಸ್‌ಪಿ ರೋಡಿನಲ್ಲಿ 70 ಮಿ.ಮೀ. ಹೋಲ್ ಸಾ (ಡ್ರಿಲ್ಲಿಗೆ ಸಿಕ್ಕಿಸುವ, ದುಂಡು ತೂತು ಕೊರೆಯುವ ಗರಗಸ) ತಂದೆ, 450 ರೂಪಾಯಿ. ತೂತುಗಳ ಕೇಂದ್ರದಿಂದ ಕೇಂದ್ರಕ್ಕೆ 80 ಮಿ.ಮೀ. ಸಾಲುಗಳನ್ನು ಜೇನುಗೂಡಿನಂತೆ ಅರ್ಧರ್ಧ ಸರಿಸಿ ಐದು, ನಾಲ್ಕು, ಐದು, ನಾಲ್ಕು, ಐದು: ಒಟ್ಟು 23. ಇಷ್ಟು ದೊಡ್ಡ ಹೋಲ್ ಸಾ ಓಡಿಸುವಾಗ ಡ್ರಿಲ್ಲನ್ನು ನಿಧಾನದ ವೇಗದಲ್ಲೇ ಇಡಬೇಕು. ಜೋರಾಗಿ ಬಿಟ್ಟರೆ ಮರ ಕತ್ತರಿಸುವ ಬದಲು ಸುಡುತ್ತದೆ, ಹೊಗೆ ಬರುತ್ತದೆ, ಹಲ್ಲು ಮೊಂಡಾಗುತ್ತದೆ. ಒಂದೇ ಕಡೆಯಿಂದ ಪೂರ್ತಿ ಕೊರೆದರೆ ಹಿಂದಿನ ಪದರ ಸಿಗಿದು ಬರುತ್ತದೆ. ನಡುವಿನ ಸಣ್ಣ ಡ್ರಿಲ್ ಬಿಟ್ ಆ ಕಡೆ ಇಣುಕಿದ ತಕ್ಷಣ ನಿಲ್ಲಿಸಿ, ಹಲಗೆ ಮಗುಚಿ, ಅದೇ ತೂತಿಗೆ ಬಿಟ್ ಕೂರಿಸಿ ಹಿಂದಿನಿಂದ ಮುಗಿಸಿದರೆ ಎರಡೂ ಕಡೆ ಅಂಚು ನಯ. ಇದು ಗೊತ್ತಾಗಿದ್ದು ಐದನೇ ತೂತಿನಲ್ಲಿ. ಮೊದಲ ನಾಲ್ಕನ್ನು ಸೀಟಿನ ಹಿಂಬದಿಗೆ ತಿರುಗಿಸಿದೆ. ಇನ್ನೊಂದು ಮಾತು: ಹೋಲ್ ಸಾ ಒಮ್ಮೊಮ್ಮೆ ಮರಕ್ಕೆ ಕಚ್ಚಿ ಡ್ರಿಲ್ಲನ್ನೇ ಗಿರ್ರನೆ ತಿರುಗಿಸುತ್ತದೆ, ಮಣಿಕಟ್ಟು ಉಳುಕಬಹುದು. ಹಲಗೆಯನ್ನು ಕ್ಲಾಂಪಿನಲ್ಲಿ ಬಿಗಿದು, ಡ್ರಿಲ್ಲಿನ ಪಕ್ಕದ ಹಿಡಿ ಹಾಕಿಕೊಂಡು, ಎರಡೂ ಕೈಯಲ್ಲಿ ಹಿಡಿಯಿರಿ. ಐದಾರು ತೂತಿಗೊಮ್ಮೆ ಮೋಟಾರು ತಣ್ಣಗಾಗಲಿ. ಹೊರಬಿದ್ದ 23 ಬಿಲ್ಲೆಗಳನ್ನು ಮಗಳು ಗಾಡಿಯ ಚಕ್ರ ಅಂತ ಎತ್ತಿಕೊಂಡು ಹೋದಳು. ನಾಲ್ಕು ಈಗ ಕಾಫಿ ಲೋಟದ ಕೆಳಗಿವೆ.

ನವಾರು ಹಾಕುವ ದಿನ ನನ್ನ ಕೈಗೆ ಕೆಲಸ ಸಿಗಲಿಲ್ಲ. ಕಾಟನ್‌ಪೇಟೆ ಕಡೆಯಿಂದ 2 ಇಂಚಿನ ನೈಲಾನ್ ನವಾರು 20 ಮೀಟರ್ ತಂದಿದ್ದೆ, ಮೀಟರಿಗೆ 18. ಹತ್ತಿಯದು ಕೈಗೆ ಹಿತ, ಆದರೆ ಬೇಗ ಜಗ್ಗುತ್ತದೆ. ನಾನು ಒಂದು ತುದಿ ಮಡಚಿ ಮೊಳೆ ಹೊಡೆದು ಮೊದಲ ಸುತ್ತು ಎಳೆದೆ. ಅಪ್ಪ ಬೆರಳಿನಲ್ಲಿ ಮೀಟಿ ನೋಡಿದರು. ಸದ್ದೇ ಇಲ್ಲ. "ಸರಿ ಹೋಗು ಆಚೆ" ಅಂದವರೇ ಪಂಚೆ ಎತ್ತಿ ಕಟ್ಟಿ, ಚೌಕಟ್ಟನ್ನು ಓರೆಯಾಗಿಟ್ಟು, ಅಡ್ಡಪಟ್ಟಿಗೆ ಪಾದ ಒತ್ತಿ, ಬೆನ್ನು ಹಿಂದಕ್ಕೆ ಹಾಕಿ ಎಳೆದರು. ಕೈಯಿಂದಲ್ಲ, ಮೈಭಾರದಿಂದ. ಎಳೆದದ್ದು ಸಡಿಲವಾಗದಂತೆ ನಾನು ಹೆಬ್ಬೆರಳಲ್ಲಿ ಒತ್ತಿ ಹಿಡಿಯುವುದು. ಉದ್ದಕ್ಕೆ ಎಂಟು ಸುತ್ತು ಆದ ಮೇಲೆ ಅಡ್ಡಕ್ಕೆ ಒಂದರ ಮೇಲೆ ಒಂದರ ಕೆಳಗೆ ತೂರಿಸುತ್ತಾ ಎಂಟು. ಬೆನ್ನು ನೋವೆಂದು ಸೋಫಾದಿಂದ ಏಳಲಾರದವರು ಒಂದೂವರೆ ಗಂಟೆ ಬಗ್ಗಿದ್ದರು. ಕೊನೆಯಲ್ಲಿ ಮೀಟಿದರೆ ತಮಟೆಯ ಹಾಗೆ 'ಡಂ' ಎನ್ನುತ್ತಿತ್ತು. ತುದಿಗೆ ಮೊಳೆಯೊಂದೇ ಸಾಲದೆಂದು ಮೇಲೊಂದು ಮರದ ಪಟ್ಟಿ ಕೊಟ್ಟು ಸ್ಕ್ರೂನಿಂದ ಅದುಮಿದೆ. ಮರುದಿನ ಅವರ ಸೊಂಟಕ್ಕೆ ಅಮ್ಮ ಎಣ್ಣೆ ತಿಕ್ಕುತ್ತಾ ನನ್ನ ಕಡೆ ನೋಡಿದ ನೋಟ ಇಲ್ಲಿ ಬರೆಯುವಂಥದ್ದಲ್ಲ.

ಬೆನ್ನಿನ ಕಡೆ ಬೇರೆ ದಾರಿ. ಅಲ್ಲಿ ಮಣಿ ಹಾಸಿನದೇ ನಕಲು: ಚೆಂಡಿಗೆ ತೂತು ಹಾಕಿ ಹಗ್ಗದಲ್ಲಿ ಪೋಣಿಸಿ, ಬೆನ್ನಿನ ಚೌಕಟ್ಟಿನ ಎರಡು ಕಂಬಗಳ ನಡುವೆ ಅಡ್ಡಡ್ಡ ಆರು ಸಾಲು ಕಟ್ಟುವುದು. ಸಾಲಿಗೆ ನಾಲ್ಕು ಚೆಂಡು, ಎರಡು ಬಲಕ್ಕೆ, ಎರಡು ಎಡಕ್ಕೆ. ನಡುವೆ 6 ಸೆಂ.ಮೀ. ಖಾಲಿ, ಅಲ್ಲಿ ಹಗ್ಗಕ್ಕೆ ವೈರಿಂಗ್ ಪೈಪಿನ ತುಂಡು ತೊಡಿಸಿದೆ. ಬೆನ್ನುಮೂಳೆಯ ಮೇಲೆಯೇ ಚೆಂಡು ಬಂದರೆ ಐದು ನಿಮಿಷವೂ ಒರಗಲಾಗದು. ಅದರ ಎರಡೂ ಬದಿಯ ಮಾಂಸಕ್ಕೆ ಚೆಂಡು ಸಿಗಬೇಕು, ಮೂಳೆಗೆ ಕಾಲುವೆಯಂತೆ ಜಾಗ ಉಳಿಯಬೇಕು.

ಚೆಂಡಿಗೆ ತೂತು ಹಾಕುವುದು ಸುಲಭ ಅಂದುಕೊಂಡಿದ್ದೆ. ಡ್ರಿಲ್ ಬಿಟ್ಟು ತಾಗಿದ ಕೂಡಲೇ ಉಣ್ಣೆ ಅದಕ್ಕೆ ಸುತ್ತಿಕೊಂಡು ಚೆಂಡು ಕೈಯಿಂದ ಹಾರಿ ಟೆರೇಸಿನ ಗೋಡೆ ದಾಟಿ ಪಕ್ಕದ ಮನೆಯ ತುಳಸಿಕಟ್ಟೆಯ ಹತ್ತಿರ ಬಿತ್ತು. ಎರಡನೇ ಉಪಾಯ, ಕಬ್ಬಿಣದ ಸಲಾಕೆ ಕಾಯಿಸಿ ಚುಚ್ಚಿದೆ. ತೂತೇನೋ ಬೆಣ್ಣೆಯಲ್ಲಿ ಇಳಿದಂತೆ ಬಿತ್ತು, ಆದರೆ ಸುಟ್ಟ ರಬ್ಬರಿನ ವಾಸನೆಗೆ ಮೂರು ಮನೆಯವರು ಕಿಟಕಿ ಹಾಕಿಕೊಂಡರು, ನನಗೂ ಕೆಮ್ಮು. ಅದು ಎದೆಗೆ ಒಳ್ಳೆಯದಲ್ಲ, ಯಾರೂ ಮಾಡಬೇಡಿ. ಸರಿಯಾದ ದಾರಿ ಮೂರನೆಯದು: ಬ್ಲೇಡಿನಿಂದ ಉಣ್ಣೆಯನ್ನು ಕೂಡುಗುರುತಿನ ಆಕಾರದಲ್ಲಿ ಸೀಳಿ ಪಕ್ಕಕ್ಕೆ ಮಡಚಿ, ಬರಿ ರಬ್ಬರಿಗೆ 8 ಮಿ.ಮೀ. ಡ್ರಿಲ್ ಬಿಟ್ ಇಳಿಸುವುದು, ಚೆಂಡನ್ನು ಕೈಯಲ್ಲಿ ಹಿಡಿಯದೆ ಆ 57 ಮಿ.ಮೀ. ತೂತಿನ ಹಲಗೆಯಲ್ಲಿ ಕೂರಿಸಿ, ಮೇಲೊಂದು ಪಟ್ಟಿಯಿಂದ ಒತ್ತಿಟ್ಟು. ಸೋತ ಹಲಗೆ ಹೀಗೆ ಉಪಯೋಗಕ್ಕೆ ಬಂತು. ಎದುರುಬದುರು ತೂತು ನೇರಕ್ಕೆ ಬರಲು ಎರಡು ಅರ್ಧಗೋಳ ಅಂತ ಭಾವಿಸಿ ಪೆನ್ನಿನಲ್ಲಿ ಗುರುತು ಹಾಕಿಕೊಳ್ಳಿ. ಕಣ್ಣಂದಾಜಿಗೆ ಹಾಕಿದವು ಹಗ್ಗದಲ್ಲಿ ಸೊಟ್ಟಗೆ ನಿಂತವು.

ಹಗ್ಗಕ್ಕೆ ಮೊದಲು ಬೈಕಿನ ಹಿಂದೆ ಲಗೇಜು ಕಟ್ಟುವ ಇಲಾಸ್ಟಿಕ್ ತಂದೆ. ಒರಗಿದರೆ ಜೋಲಿ, ಬೆನ್ನು ಹಿಂದಕ್ಕೆ ಹೋಗಿ ಹೋಗಿ ಕೊನೆಗೆ ಕಂಬಕ್ಕೆ ತಾಗುತ್ತಿತ್ತು. ಬಿಚ್ಚಿ 6 ಮಿ.ಮೀ. ನೈಲಾನ್ ಹಗ್ಗ ಹಾಕಿ ಬಿಗಿದೆ, ಆರೂ ಸಾಲು, ಪಣ ತೊಟ್ಟವನಂತೆ. ದೂರ ನಿಂತು ನೋಡಿದರೆ ಎರಡೂ ಕಂಬ ಮಧ್ಯದಲ್ಲಿ ಒಳಕ್ಕೆ ಬಾಗಿವೆ. ಮೇಲೆ, ಕೆಳಗೆ ಅಡ್ಡಪಟ್ಟಿ ಇದ್ದುದರಿಂದ ಕಚ್ಚು ಬಿಡಲಿಲ್ಲ, ಅಷ್ಟೇ. ಟೆರೇಸಿನಲ್ಲಿ ಬಟ್ಟೆ ಒಣಗಿಸುವ ತಂತಿಯನ್ನು ನೋಡಿದವರಿಗೆ ಇದು ಗೊತ್ತಿರುತ್ತದೆ. ತಂತಿ ಜೋತಿದ್ದರೆ ಒದ್ದೆ ಬೆಡ್‌ಶೀಟು ಹಾಕಿದರೂ ಕಂಬಕ್ಕೆ ಏನೂ ಆಗದು, ನೆಟ್ಟಗೆ ಬಿಗಿದಿದ್ದರೆ ಕಂಬವೇ ವಾಲುತ್ತದೆ. ನನ್ನ ಕಂಬಗಳ ನಡುವೆ 42 ಸೆಂ.ಮೀ. ಹಗ್ಗ ನಡುವೆ 2 ಸೆಂ.ಮೀ. ಮಾತ್ರ ಬಗ್ಗುವಷ್ಟು ಬಿಗಿಯಾಗಿದ್ದು, ಅದರ ನಡುವಿಗೆ 10 ಕಿಲೋ ಒತ್ತಡ ಬಿದ್ದರೆ ಹಗ್ಗದ ಎಳೆತ 50 ಕಿಲೋ ದಾಟುತ್ತದೆ. ಬಗ್ಗು 4 ಸೆಂ.ಮೀ. ಆದರೆ ಅದು ಅರ್ಧಕ್ಕಿಳಿಯುತ್ತದೆ. ಹಾಗಾಗಿ ತುಸು ಸಡಿಲ ಬಿಡುವುದು ಬೆನ್ನಿಗೂ ಒಳ್ಳೆಯದು, ಕಂಬಕ್ಕೂ. ಕೊನೆಗೆ ಉಳಿದ ಏರ್ಪಾಡು ಇದು: ಸೊಂಟದ ಹತ್ತಿರದ ಕೆಳಗಿನ ಮೂರು ಸಾಲಿಗೆ ನೈಲಾನ್, ಮೇಲಿನ ಮೂರಕ್ಕೆ ಅದೇ ಇಲಾಸ್ಟಿಕ್ ಎರಡೆಳೆ. ಸೊಂಟ ಮುಂದಕ್ಕೆ ತಳ್ಳಿಸಿಕೊಳ್ಳುತ್ತದೆ, ಹೆಗಲು ಹಿಂದಕ್ಕೆ ಹೋಗುತ್ತದೆ. ನೈಲಾನ್ ಮೊದಲ ಎರಡು ವಾರ ಜಗ್ಗುತ್ತದೆ. ಕಂಬದ ಹಿಂದೆ ಗಂಟನ್ನು ಬಿಚ್ಚಿ ಕಟ್ಟಲು ಬರುವಂತೆ ಬಿಟ್ಟಿದ್ದೇನೆ, ಎರಡು ಸಲ ಬಿಗಿದದ್ದಾಯಿತು. ಬೆನ್ನಿನ ಚೌಕಟ್ಟು ಬೇರೆಯೇ ತುಂಡು. ಹಿಂಗಾಲನ್ನು ಬಾಗಿಸಿ ಒಂದೇ ತುಂಡಾಗಿ ಕಡೆಯುವ ಕೈ ನನಗಿಲ್ಲ. ಸೀಟಿನ ಪಕ್ಕದ ಪಟ್ಟಿಗೆ 8 ಮಿ.ಮೀ. ಬೋಲ್ಟು, ದೊಡ್ಡ ವಾಷರ್ ಹಾಕಿ ಕೂರಿಸಿದ್ದೇನೆ, ಒರಗು ಬದಲಿಸಲು ಎರಡು ತೂತು.

ಉಪ್ಪುಕಾಗದ, ಪಾಲಿಶ್ ಎಲ್ಲ ಎಲ್ಲರೂ ಮಾಡುವ ಹಾಗೆಯೇ.

ಸೀಟಿನ ಚೆಂಡು ಜೋಡಿಸುವಾಗ ಮೂರು ಬುಟ್ಟಿಗಳ ವಿಂಗಡಣೆ ಕೆಲಸಕ್ಕೆ ಬಂತು. ಚೆನ್ನಾಗಿ ಪುಟಿದವು ಹಿಂದಿನ ಮೂರು ಸಾಲಿಗೆ, ಕೂರುವ ಮೂಳೆಗಳು ಬೀಳುವುದು ಅಲ್ಲಿ. ನಡುವಿನವು ಅದರ ಮುಂದಿನ ಸಾಲಿಗೆ. ತೊಡೆ ಬರುವ ಮುಂದಿನ ಸಾಲಿಗೆ ಪೂರ್ತಿ ಸತ್ತವು, ಮಂಡಿಯ ಹಿಂದೆ ಒತ್ತಬಾರದು ಅಂತ. ಅಪ್ಪ ಕೂತರು. ಎದ್ದರು. ಮತ್ತೆ ಕೂತರು. ಕುಂಡೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸಿ, ಎರಡೂ ಕೈ ಮುಂದೆ ಚಾಚಿ ಸ್ಟೇರಿಂಗ್ ಹಿಡಿದಂತೆ ಮಾಡಿ, ಬಲಗಾಲಲ್ಲಿ ಬ್ರೇಕ್ ತುಳಿದರು. "ಸ್ವಲ್ಪ ಹಿಂದಕ್ಕೆ ಹಾಕು ಒರಗ್ನ" ಅಂದರು. ಬೋಲ್ಟು ಎರಡನೇ ತೂತಿಗೆ ಹೋಯಿತು. ನನಗೆ ಆ ಕುರ್ಚಿ ತುಸು ಗಡುಸೇ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಅಪ್ಪನಿಗೆ ಬೇಕಿದ್ದದ್ದೂ ಅದೇ. ಚೆಂಡು ತೂತಿನೊಳಗೆ ಸ್ವಲ್ಪ ಉರುಳುವುದರಿಂದ ಕೂತಲ್ಲೇ ಜರುಗಲು ಬರುತ್ತದೆ; ಸೋಫಾದಲ್ಲಿ ಜರುಗಬೇಕೆಂದರೆ ಎದ್ದು ಕೂರಬೇಕು.

ಮೂರನೇ ದಿನ ಬೆಳಗ್ಗೆ ಗುಡಿಸುವಾಗ ಅಮ್ಮ ಎಲ್ಲ ಕುರ್ಚಿಯನ್ನೂ ಓರೆ ಮಾಡುವಂತೆ ಇದನ್ನೂ ಓರೆ ಮಾಡಿದರು. ಇಪ್ಪತ್ಮೂರು ಚೆಂಡೂ ಹಾಲ್ ತುಂಬ. ಆರು ಚೆಂಡು ಮೆಟ್ಟಿಲಿಳಿದು ಗೇಟಿನ ಹೊರಗೆ ಹೋದವು, ಬೀದಿ ನಾಯಿಗೆ ಒಂದು ಸಂದಾಯವಾಯಿತು. ಚೆಂಡನ್ನು ಹಿಡಿದಿಡುವ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ಬಾಲ್ಕನಿಗೆ ಹಾಕಿಸಿ ಉಳಿದಿದ್ದ ಪಾರಿವಾಳದ ಬಲೆಯನ್ನು ಸೀಟಿನ ಮೇಲೆ ಬಿಗಿದೆ. ಗಂಟುಗಳು ಪಂಚೆಯ ಮೇಲೂ ಚುಚ್ಚುತ್ತವೆ ಅಂತ ಅಪ್ಪ ಅರ್ಧ ದಿನದಲ್ಲಿ ಕೀಳಿಸಿದರು. ಅಂಟು ಹಾಕಿದರೆ ಉರುಳುವುದು ನಿಲ್ಲುತ್ತದೆ, ಇದ್ದ ಸುಖವೇ ಹೋಯಿತು. ಕೊನೆಗೆ ಅಮ್ಮನೇ ಅಕ್ಕಿ ಮೂಟೆ ಹೊಲಿಯುವ ದಬ್ಬಳ ತಂದು ಕೊಟ್ಟರು. ಪ್ರತಿ ಚೆಂಡಿನ ತಳದಲ್ಲಿ ಒಂದು ಇಂಚು ಅಂತರಕ್ಕೆ ಚುಚ್ಚಿ ನೈಲಾನ್ ದಾರ ತೂರಿಸಿ, ನವಾರಿನ ಹೆಣಿಗೆಯೊಳಗಿಂದ ತಂದು, ಅರ್ಧ ಇಂಚು ಸಡಿಲ ಬಿಟ್ಟು ಕೆಳಗೆ ಗಂಟು. ಹೇಗೂ ಸತ್ತ ಚೆಂಡು, ಚುಚ್ಚಿದರೆ ನಷ್ಟವೇನಿಲ್ಲ. ಇಕ್ಕಳದಿಂದ ದಬ್ಬಳ ಎಳೆಯಬೇಕು, ಬೆರಳಿನಿಂದ ಆಗದು. ಇಪ್ಪತ್ಮೂರು ಗಂಟಿಗೆ ಎರಡು ಸಂಜೆ ಹೋದವು.

ಖರ್ಚು ಕೇಳುವವರಿಗೆ: ಚೆಂಡು 600, ಮರ 1400, ಪ್ಲೈವುಡ್ ತುಂಡು 300, ನವಾರು 360, ಹೋಲ್ ಸಾ 450, ಹಗ್ಗ ಮತ್ತು ಇಲಾಸ್ಟಿಕ್ 180, ಅಂಟು ಸ್ಕ್ರೂ ಪಾಲಿಶ್ 400. ಒಟ್ಟು 3690. ಸೀಳಿದ ಕೂಲಿ, ಕಾಫಿ ಸೇರಿಸಿಲ್ಲ. ಮರ ಸಿಗದಿದ್ದರೆ ಹಳೇ ಕುರ್ಚಿಯ ಚೌಕಟ್ಟಿಗೇ ನವಾರು ಹಾಕಬಹುದು, ಆದರೆ ಸೀಟಿನ ಎತ್ತರ ಮೊದಲು ಅಳೆಯಿರಿ. ಚೆಂಡು ಸೇರಿದರೆ ಎರಡು ಇಂಚು ಹತ್ತಿರ ಏರುತ್ತದೆ, ಕುಳ್ಳಗಿನವರ ಕಾಲು ನೆಲಕ್ಕೆ ನಿಲುಕದು.

ಸಂಕ್ರಾಂತಿಯ ಹಿಂದಿನ ವಾರ ಅವರೆಕಾಯಿ ರಾಶಿ ಬಂತು. ಮಧ್ಯಾಹ್ನ ಅಪ್ಪ ಮಲಗಿದ್ದಾಗ ಅಮ್ಮ ಆ ಕುರ್ಚಿಯಲ್ಲೇ ಕೂತು, ಮೊರ ತೊಡೆಯ ಮೇಲಿಟ್ಟು ಎರಡು ಕಿಲೋ ಸುಲಿದಿದ್ದಾರೆ. ಸಂಜೆ ಅಪ್ಪ ಕೂತವರು, "ಏನೋ ಕಟಕಟ ಅಂತದಲ್ಲೋ" ಅಂದರು. ಚೆಂಡಿನ ಸಂದಿನಲ್ಲಿ ಬೆರಳು ಹಾಕಿದರೆ ಸಿಗುತ್ತಿಲ್ಲ. ಎತ್ತಿ ತಲೆಕೆಳಗು ಮಾಡಿದೆ, ಅಮ್ಮ "ಅಯ್ಯೋ ಚೆಂಡು!" ಅಂತ ಓಡಿ ಬಂದರು. ಎರಡು ಸಲ ಕೊಡವಿದೆ. ಇಪ್ಪತ್ಮೂರು ಚೆಂಡೂ ತಮ್ಮ ದಾರದಲ್ಲಿ ಅರ್ಧ ಇಂಚು ಜೋತಾಡಿದವು, ಒಂದೂ ಬೀಳಲಿಲ್ಲ. ಬಿದ್ದದ್ದು ಹದಿನಾಲ್ಕು ಅವರೆಕಾಳು. ಅಮ್ಮ ಒಂದೊಂದಾಗಿ ಆರಿಸಿ ಮೊರಕ್ಕೆ ಹಾಕಿಕೊಂಡರು.